ಕತ್ತರಿಸದ ಕಡೆಯ ಫಾರ್ಮು

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಸೊಸೆ ರೇಣುಕಾ ತನ್ನ ಮೊಬೈಲು ತಂದು ನನ್ನ ತಾಟಿನ ಪಕ್ಕ ಹಿಡಿದಳು. ಅವಳಿಗೆ ಒಂದು ದಪ್ಪನೆಯ ಪತ್ತೇದಾರಿ ಕಾದಂಬರಿ ಓದುವ ಮನಸ್ಸಾಗಿತ್ತು. ಆದರೆ ಈಗಿನವರು ಸುಮ್ಮನೆ ಪುಸ್ತಕ ತೆರೆಯುವುದಿಲ್ಲ ನೋಡಿ. ಮೊದಲು ಓದಿದವರು ಏನೆಂದರು, ಎಷ್ಟು ನಕ್ಷತ್ರ ಕೊಟ್ಟರು, ಅದನ್ನೆಲ್ಲ ವಿಚಾರಿಸಿಕೊಂಡು ಆಮೇಲೆ ಕೈ ಹಾಕುತ್ತಾರೆ.

"ಮಾವಾರ, ಇದನ್ನೊಂದೀಟು ನೋಡ್ರಿ. ಓದ್ಲೋ ಬ್ಯಾಡೋ ಹೇಳ್ರಿ," ಅಂದಳು.

ಕನ್ನಡಕ ಏರಿಸಿಕೊಂಡು ನೋಡಿದೆ. ಎಲ್ಲಕ್ಕಿಂತ ಮೇಲಿದ್ದ ಅಭಿಪ್ರಾಯ ಹೀಗಿತ್ತು: 'ನಲವತ್ತನೆಯ ಪುಟಕ್ಕೇ ಕೊಲೆಗಾರ ಗೊತ್ತಾದ. ಮುಂದೆ ಓದಲಿಲ್ಲ.' ಅದರ ಕೆಳಗೆ ಹೌದು ಹೌದು ಎನ್ನುವ ಹೆಬ್ಬೆರಳುಗಳ ದಂಡು.

ರೊಟ್ಟಿ ಗಂಟಲಲ್ಲೇ ನಿಂತಿತು. ಸೊಸೆ ಗಾಬರಿಯಾಗಿ ನೀರು ಕೊಟ್ಟಳು. ನಾನು ಏನೂ ಇಲ್ಲವ್ವಾ, ಚಟ್ನಿಪುಡಿ ನೆತ್ತಿಗೇರಿತು ಎಂದು ಹೇಳಿ ತಪ್ಪಿಸಿಕೊಂಡೆ. ನಿಮಗೆ ಮಾತ್ರ ಹೇಳುತ್ತೇನೆ. ಆ ವಾಕ್ಯವನ್ನು ಮೊದಲು ಬರೆದವನು ನಾನು. ಮೂವತ್ತು ವರ್ಷದ ಹಿಂದೆ, ಬೆಟಗೇರಿಯಲ್ಲಿ, ನೀಲಿ ಶಾಯಿಯಲ್ಲಿ, ಕೆಳಗೆ ಸೊಗಸಾದ ಸಹಿ ಮಾಡಿ.

ಆಗ ಬೆಟಗೇರಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ವೀರಪ್ಪಣ್ಣ ಎಂಬವರು ಒಂದು ವಾಚನಾಲಯ ನಡೆಸುತ್ತಿದ್ದರು. ಎರಡು ಖೋಲಿ, ನಾಲ್ಕು ಕಪಾಟು, ಕೂರಲು ಒಂದು ಉದ್ದನೆಯ ಬಾಂಕು. ಪಕ್ಕದ ಮನೆಗಳಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಓದಿ ರೂಢಿಯಾದವರಿಗೆ ನಿಶ್ಶಬ್ದದಲ್ಲಿ ಓದಲು ಬರುತ್ತಿರಲಿಲ್ಲ, ನನಗೆ ಈಗಲೂ ಬರುವುದಿಲ್ಲ. ನೇಕಾರರು, ಟೇಲರ್‌ಗಳು, ನಮ್ಮಂಥ ಮಾಸ್ತರರು, ಮುಂಡರಗಿಯಿಂದ ಬಂದು ಇಲ್ಲಿ ಕೆಲಸಕ್ಕಿದ್ದ ಗುಮಾಸ್ತರು, ಎಲ್ಲರೂ ಅಲ್ಲಿಗೇ. ಓದುತ್ತಿದ್ದದ್ದು ಹೆಚ್ಚಾಗಿ ಪತ್ತೇದಾರಿ. ಮೇಲೆ ಗಂಭೀರ ಗ್ರಂಥ ಹಿಡಿದುಕೊಂಡು ಅದರ ಕೆಳಗೆ ಕೊಲೆ ಒಯ್ಯುವವರಲ್ಲಿ ನಾನೂ ಒಬ್ಬ.

ಕೊಲೆಯ ಪುಸ್ತಕಗಳಿಗೆ ಒಂದು ಪೀಡೆ ಇತ್ತು. ಓದಿ ಮುಗಿಸಿದ ಪುಣ್ಯಾತ್ಮರು ಕೊಲೆಗಾರನ ಹೆಸರನ್ನು ಮೊದಲ ಪುಟದಲ್ಲೇ ಬರೆದು ಕೊಡುತ್ತಿದ್ದರು. ಬೆಳ್ಳಟ್ಟಿಯಿಂದ ಸಂತೆಗೆ ಬರುತ್ತಿದ್ದ ಒಬ್ಬನಂತೂ ಹೆಸರು ಬರೆದು, ಅದರ ಸುತ್ತ ಗುಂಡಗೆ ಗೆರೆ ಹೊಡೆದು, 'ಇವನೇ' ಎಂದು ಬೇರೆ ಬರೆಯುತ್ತಿದ್ದ. ವೀರಪ್ಪಣ್ಣ ತಲೆ ಚಚ್ಚಿಕೊಂಡರು. ಇದಕ್ಕೆ ಉಪಾಯ ಹುಡುಕಿದವರು ವಾಚನಾಲಯದ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುತ್ತಿದ್ದ ಮಕ್ತುಂಸಾಬರು.

ಪುಸ್ತಕ ಅಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಒಂದೊಂದು ಮಡಿಕೆಗೆ ಫಾರ್ಮು ಅನ್ನುತ್ತಾರೆ. ಮಕ್ತುಂಸಾಬರು ಪ್ರತಿ ಪತ್ತೇದಾರಿ ಕಾದಂಬರಿಯ ಕಡೆಯ ಫಾರ್ಮನ್ನು ಬಿಚ್ಚಿ ಬೇರೆ ಹೊಲಿದುಕೊಟ್ಟರು. ಅವೆಲ್ಲ ವೀರಪ್ಪಣ್ಣನ ಮೇಜಿನ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ನೀವು ಪುಸ್ತಕ ಮನೆಗೆ ಒಯ್ದು ಓದಿ ತಂದುಕೊಡಬೇಕು. ಕೊಲೆಗಾರ ಯಾರಿರಬಹುದು, ಕಾದಂಬರಿ ಹೇಗಿದೆ ಎಂದು ಅಭಿಪ್ರಾಯದ ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಪೆಟ್ಟಿಗೆಯಿಂದ ಆ ಹದಿನಾರು ಪುಟ ಕೈಗೆ. ಅಲ್ಲೇ ಬಾಂಕಿನ ಮೇಲೆ ಕುಳಿತು ಓದಿ ವಾಪಸು. ಬಾಂಕಿನ ಮೇಲೆ ಕುಳಿತವರ ಮುಖ ನೋಡುವುದೇ ನಮಗೆ ಇನ್ನೊಂದು ಕಾದಂಬರಿಯಾಗಿತ್ತು.

ಈ ಪದ್ಧತಿಯಿಂದ ದೊಡ್ಡವನಾದವನು ನಾನು. ಮಲ್ಲಸಮುದ್ರದ ಶಾಲೆಯಲ್ಲಿ ಹೊಸದಾಗಿ ಕನ್ನಡ ಕಲಿಸುತ್ತಿದ್ದೆ, ಭಾಷೆ ಕೈಯಲ್ಲಿತ್ತು, ವಯಸ್ಸಿನ ಕೊಬ್ಬೂ ಇತ್ತು. ಅಭಿಪ್ರಾಯದ ಬುಕ್ಕಿನಲ್ಲಿ ನಾನು ಎರಡು ಸಾಲು ಗೀಚಿದರೆ ಜನ ಬಂದು ಓದಿ ನಗುತ್ತಿದ್ದರು. 'ಮಾಸ್ತರ್ರು ಏನ್ ಬರದಾರ?' ಎಂದು ಕೇಳಿ ಪುಸ್ತಕ ಆರಿಸುವವರು ಹುಟ್ಟಿಕೊಂಡರು. ಅದು ತಲೆಗೆ ಏರುವ ಬಗೆಯೇ ಬೇರೆ. ಯಾವ ಪುಸ್ತಕದ ಮೇಲಾದರೂ ಮೊದಲ ಅಭಿಪ್ರಾಯ ನನ್ನದೇ ಆಗಬೇಕು ಎಂಬ ಹಟ ಹಿಡಿಯಿತು. ಮುಳಗುಂದ ನಾಕಾದ ಹತ್ತಿರ ಅಂಗಡಿ ಇದ್ದ ಟೇಲರ್ ನಾರಾಯಣಪ್ಪ ನನ್ನ ಪ್ರತಿಸ್ಪರ್ಧಿ. ಅವನು ನನಗಿಂತ ಮೊದಲು ಬರೆದ ದಿನ ನನಗೆ ಶಾಲೆಯಲ್ಲಿ ಪಾಠವೇ ಹತ್ತುತ್ತಿರಲಿಲ್ಲ.

ಮಕ್ತುಂಸಾಬರ ಮನೆಯ ಮುಂದಿನ ಖೋಲಿಯೇ ಅವರ ಕೆಲಸದ ಜಾಗ. ಒಳಗೆ ಹೋದರೆ ಮೈದಾ ಅಂಟಿನ ಹುಳಿವಾಸನೆ. ಹುಳ ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು, ಅದರಿಂದ ಅವರ ಬೆರಳ ತುದಿಗಳು ಸದಾ ನೀಲಿ. ಮಾತು ಕಡಿಮೆ. ಕಟ್ಟಲು ಬಂದ ಪುಸ್ತಕವನ್ನು ಓದದೆ ಕಟ್ಟುತ್ತಿರಲಿಲ್ಲ. ಫಾರ್ಮು ಹಿಂದುಮುಂದಾದರೆ ತಿಳಿಯಬೇಕಲ್ಲ ಎಂಬುದು ಅವರ ನೆವ. ಹೀಗೆ ಓದಿ ಓದಿ ಆ ಮನುಷ್ಯ ಒಂದು ದಿನ ತಾನೇ ಬರೆಯಲು ಕುಳಿತರು. ಎಷ್ಟು ವರ್ಷ ಬರೆದರೋ ಯಾರಿಗೂ ಗೊತ್ತಿಲ್ಲ. ಗದಗಿನಲ್ಲಿ ತಾವು ಕೆಲಸಕ್ಕೆ ಹೋಗುತ್ತಿದ್ದ ಪ್ರೆಸ್ಸಿನಲ್ಲಿ, ಮಷೀನು ಖಾಲಿ ಇದ್ದಾಗ ಒಂದು ಫಾರ್ಮಿನಂತೆ, ಎರಡು ವರ್ಷ ಹಿಡಿದು ಮುದ್ರಿಸಿಕೊಂಡರು. ಮೂವತ್ತೆಂಟು ಫಾರ್ಮು, ಆರುನೂರಾ ಎಂಟು ಪುಟ. ಒಂದು ಹತ್ತಿ ಗಿರಣಿಯಲ್ಲಿ ಕಾವಲುಗಾರನ ಕೊಲೆಯಾಗುವ ಕಥೆ. ಹೆಸರು ಹೇಳುವುದಿಲ್ಲ. ಆ ಹೆಸರನ್ನು ಹಾಸ್ಯ ಮಾಡಿ ಕೆಡಿಸಿದ ಬಾಯಿಂದ ಮತ್ತೆ ಹೇಳಲು ಮನಸ್ಸಿಲ್ಲ.

ಕಾದಂಬರಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಅವರು ವಾಚನಾಲಯಕ್ಕೆ ಬಂದ ದಿನ ನಾನು ಅಲ್ಲೇ ಇದ್ದೆ.

"ಒಂದ ಪ್ರತಿ ಕಟ್ಟೇನ್ರಿ, ವೀರಪ್ಪಣ್ಣಾರ. ಉಳದ ಫಾರ್ಮೆಲ್ಲಾ ಮನ್ಯಾಗ ಹಂಗ ಅದಾವು. ಓದವ್ರು ಏನಂತಾರ ನೋಡಿ ಕಟ್ಟಬೇಕಂತೇನಿ. ಚೊಲೋ ಇಲ್ಲಂದ್ರ ಸುಮ್ನ ರಟ್ಟು ಯಾಕ ಹಾಳ ಮಾಡೂದು," ಅಂದರು.

ಕಡೆಯ ಫಾರ್ಮನ್ನು ಪದ್ಧತಿಯಂತೆ ಬೇರೆ ಹೊಲಿದಿದ್ದರು. ಆದರೆ ಅದರ ಅಂಚು ಕತ್ತರಿಸಿರಲಿಲ್ಲ. ಹಾಳೆಗಳು ಮೇಲೂ ಪಕ್ಕಕ್ಕೂ ಮಡಿಕೆಯಲ್ಲೇ ಕೂಡಿಕೊಂಡಿದ್ದವು. ಚಾಕುವಿನಿಂದ ಸೀಳದೆ ಓದಲು ಬರುವಂತಿರಲಿಲ್ಲ.

"ಇದ್ಯಾಕ ಹಿಂಗ ಬಿಟ್ಟೀರಿ?" ಎಂದು ವೀರಪ್ಪಣ್ಣ ಕೇಳಿದರು.

ಮಕ್ತುಂಸಾಬರು ನಾಚಿದರು. ಐವತ್ತು ದಾಟಿದ ಗಂಡಸು ಹಾಗೆ ನಾಚಿದ್ದನ್ನು ನಾನು ನೋಡಿರಲಿಲ್ಲ. "ನಂದ ಪುಸ್ತಕರಿ. ನಾನ ಹೆಂಗ ಕತ್ತರಸ್ಲಿ? ಯಾರ ಮೊದ್ಲ ಪೂರಾ ಓದಿ ಬರ್ತಾರೋ ಅವ್ರ ಕೈಲೆ ಆಗ್ಲಿ," ಅಂದು ಒಂದು ಪುಟ್ಟ ಚಾಕುವನ್ನೂ ಪೆಟ್ಟಿಗೆಯಲ್ಲಿ ಇಟ್ಟರು. ನನ್ನ ಕಡೆ ತಿರುಗಿ, "ಮಾಸ್ತರ್ರ, ನೀವ ಮೊದ್ಲ ಒಯ್ರಿ," ಅಂದರು.

ಒಯ್ದೆ. ಎಂಟು ದಿನದಲ್ಲಿ ಮುನ್ನೂರು ಪುಟ ಓದಿದೆ. ಖರೆ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಗಿರಣಿಯ ಹತ್ತಿಯ ಧೂಳು ಮೂಗಿಗೆ ಬರುವಂತೆ ಬರೆದಿದ್ದರು. ಆದರೆ ನಲವತ್ತನೆಯ ಪುಟದಲ್ಲಿ ಗಿರಣಿಯ ದವಾಖಾನೆಯ ಕಂಪೌಂಡರನೊಬ್ಬ ಸತ್ತ ಕಾವಲುಗಾರನ ಹೆಂಡತಿಯನ್ನು ಸಮಾಧಾನ ಮಾಡುತ್ತಾನೆ, ಸ್ವಲ್ಪ ಹೆಚ್ಚೇ ಸಿಹಿಯಾಗಿ. ಇವನೇ, ಎಂದುಕೊಂಡೆ. ಅಲ್ಲಿಂದ ಮುಂದೆ ನಾನು ಓದಿದ್ದು ಕಾದಂಬರಿಯನ್ನಲ್ಲ, ನನ್ನ ಜಾಣತನವನ್ನು.

ಒಂಬತ್ತನೆಯ ದಿನ ನಾರಾಯಣಪ್ಪ ದಾರಿಯಲ್ಲಿ ಸಿಕ್ಕು, "ಮಕ್ತುಂಸಾಬಂದು ಇನ್ನೂ ಮುಗಸಿಲ್ಲೇನ್ರಿ? ಸುಮ್ಮ ನನಗರ ಕೊಡ್ರಿ, ನಾ ಬರೀತೇನಿ," ಅಂದ. ಅಷ್ಟೇ ಸಾಕಾಯಿತು. ಸಂಜೆಗೆ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋಗಿ ಅಭಿಪ್ರಾಯದ ಬುಕ್ಕು ತೆಗೆಸಿದೆ. ಮುನ್ನೂರ ಎಂಟು ಪುಟ ಬಾಕಿ ಇತ್ತು. ಇನ್ನೊಂದು ಮಾತೂ ಹೇಳಿಬಿಡುತ್ತೇನೆ, ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಪುಸ್ತಕ ಕಟ್ಟುವವನು, ಅದರಲ್ಲೂ ಮಕ್ತುಂಸಾಬ, ಕನ್ನಡದಲ್ಲಿ ಬರೆದು ಕನ್ನಡ ಮಾಸ್ತರನನ್ನು ಕೊನೆಯವರೆಗೆ ಕೂರಿಸುತ್ತಾನೆಯೇ ಎಂಬ ತಾತ್ಸಾರ ನನ್ನ ಮನಸ್ಸಿನಲ್ಲಿ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬರೆದೆ: 'ನಲವತ್ತನೆಯ ಪುಟಕ್ಕೇ ಕೊಲೆಗಾರ ಗೊತ್ತಾದ. ಕಂಪೌಂಡರನೇ. ಹೊಲಿಗೆ ಗಟ್ಟಿ, ಕಥೆ ಸಡಿಲು.'

ವೀರಪ್ಪಣ್ಣ ಪೆಟ್ಟಿಗೆಗೆ ಕೈ ಹಾಕಿದರು. ನಾನು, "ಬ್ಯಾಡ ಬಿಡ್ರಿ, ಬಸ್ಸಿಗೆ ಹೊತ್ತಾತು. ಗೊತ್ತಿದ್ದದ್ದನ್ನ ಏನ್ ಓದೂದು," ಅಂದು ಮೆಟ್ಟಿಲು ಇಳಿದೆ. ಅವರು ನಕ್ಕರು.

ಹೊಲಿಗೆ ಗಟ್ಟಿ, ಕಥೆ ಸಡಿಲು. ಮಾತು ಬೆಟಗೇರಿ ತುಂಬ ಓಡಾಡಿತು. ಮಗ್ಗದ ಮುಂದೆ ಕುಳಿತವರು, ಚಹದ ಅಂಗಡಿಯವರು, ಪುಸ್ತಕ ಮುಟ್ಟದವರು ಕೂಡ ಹೇಳಿ ನಕ್ಕರು. ನಾರಾಯಣಪ್ಪ ಒಂದೇ ವಾರದಲ್ಲಿ ಪುಸ್ತಕ ವಾಪಸು ತಂದು, 'ಮಾಸ್ತರರ ಮಾತೇ ಖರೆ' ಎಂದು ಬರೆದ. ಹುಲಕೋಟಿಯವರೊಬ್ಬರು, 'ಕಂಪೌಂಡರ್ ಎಂದು ಮೊದಲೇ ಗೊತ್ತಿದ್ದರಿಂದ ಸ್ವಾರಸ್ಯ ಹತ್ತಲಿಲ್ಲ. ಕಾಗದ ಚೆನ್ನಾಗಿದೆ' ಎಂದು ಬರೆದರು. ಮುಂಡರಗಿಯ ಗುಮಾಸ್ತರು, 'ತಲೆದಿಂಬಿಗೆ ತಕ್ಕ ಎತ್ತರ' ಅಂದರು. ಹೀಗೆ ಹದಿಮೂರು ಅಭಿಪ್ರಾಯ ಬಿದ್ದವು. ಬೆಳ್ಳಟ್ಟಿಯವನು ಮೊದಲ ಪುಟದಲ್ಲಿ ಹೆಸರು ಬರೆದು ಕೆಡಿಸುತ್ತಿದ್ದ ಎಂದು ಎಲ್ಲರೂ ಅವನನ್ನು ಬಯ್ದಿದ್ದೆವು. ಅವನಾದರೂ ಪಾಪ, ಪೂರ್ತಿ ಓದಿ ಬರೆಯುತ್ತಿದ್ದ.

ಮಕ್ತುಂಸಾಬರು ಪ್ರತಿ ಸೋಮವಾರ ಬಂದು, ಬಾಗಿಲ ಹತ್ತಿರ ನಿಂತೇ ಅಭಿಪ್ರಾಯದ ಬುಕ್ಕು ತಿರುವಿ ನೋಡಿ ಹೋಗುತ್ತಿದ್ದರು. ಒಂದು ಸೋಮವಾರ ನಾನು ಅವರಿಗೆ ಎದುರಾದೆ. ಅವರು ಆಗಷ್ಟೇ ತಗಡಿನ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದರು.

"ಮಾಸ್ತರ್ರ, ಕಡೀ ಫಾರ್ಮ ಓದಿದ್ರೇನ್ರಿ?" ಎಂದು ಕೇಳಿದರು.

"ಓದೇನ್ರಿ, ಓದೇನಿ," ಅಂದೆ. ಎರಡು ಸಲ ಅಂದೆ. ಇಷ್ಟರಲ್ಲಿ ಯಾರೋ ಮಡಿಕೆ ಸೀಳಿರುತ್ತಾರೆ ಎಂಬ ಧೈರ್ಯ ನನಗೆ.

"ಹೆಂಗ ಅನಿಸ್ತ್ರಿ?"

"ನಾ ಬರದೇನಲ್ರೀ. ನಲವತ್ತನೇ ಪುಟಕ್ಕ ಏನ್ ತಿಳದಿತ್ತೋ, ಕಡೀಕೂ ಅದ ಆತು."

ಅವರು ನನ್ನ ಮುಖವನ್ನು ನೋಡಲಿಲ್ಲ, ತಮ್ಮ ನೀಲಿ ಬೆರಳುಗಳನ್ನು ನೋಡಿಕೊಂಡರು. "ಆತು ಬಿಡ್ರಿ," ಅಂದರು. ಕಾದಂಬರಿಯನ್ನು ವಾಚನಾಲಯಕ್ಕೇ ಬಿಟ್ಟು, ಕಡೆಯ ಫಾರ್ಮನ್ನೂ ಚಾಕುವನ್ನೂ ಅರಿವೆಯಲ್ಲಿ ಸುತ್ತಿಕೊಂಡು ಹೋದರು. ಹದಿನಾಲ್ಕನೆಯ ಅಭಿಪ್ರಾಯ ಬೀಳಲಿಲ್ಲ.

ಮುಂದಿನ ಜೂನಿನಲ್ಲಿ ನಮ್ಮ ಶಾಲೆಗೆ ಹೊಸ ಹಾಜರಿ ಬುಕ್ಕುಗಳು ಬಂದವು, ಮಕ್ತುಂಸಾಬರೇ ರಟ್ಟು ಕಟ್ಟಿದವು. ಒಂದರ ರಟ್ಟಿನ ಒಳಗೆ ಅಂಟಿಸಿದ ಕಾಗದದ ಮೂಲೆ ಎದ್ದಿತ್ತು. ನೋಡಿದರೆ ಅಚ್ಚಾದ ಅಕ್ಷರ. ಗಿರಣಿ, ಹತ್ತಿಯ ಮೂಟೆ, ಕಂಪೌಂಡರ್. ಕಟ್ಟದೆ ಉಳಿದಿದ್ದ ಫಾರ್ಮುಗಳನ್ನೆಲ್ಲ ಅವರು ರಟ್ಟಿನೊಳಗೆ ಅಂಟಿಸಿ ಮುಗಿಸುತ್ತಿದ್ದರು. ನಮ್ಮ ಶಾಲೆಗಷ್ಟೇ ಅಲ್ಲ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲೆಲ್ಲಿಗೆ ಅವರ ಬುಕ್ಕುಗಳು ಹೋಗುತ್ತಿದ್ದವೋ ಅಲ್ಲಿಗೆಲ್ಲ. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಎತ್ತಿ ತೋರಿಸಿ, "ಕಡೀಕೂ ಸಾಬರ ಕಾದಂಬರೀನ ಮಂದಿ ದಿನಾ ತಗದು ನೋಡೂ ಹಂಗಾತು ನೋಡ್ರಿ," ಅಂದೆ. ಎಲ್ಲರೂ ನಕ್ಕರು. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ವೀರಪ್ಪಣ್ಣ ತೀರಿಕೊಂಡ ಮೇಲೆ ವಾಚನಾಲಯ ಮುಚ್ಚಿತು. ಪುಸ್ತಕಗಳು ರದ್ದಿಗೆ ಹೋದವು, ಕಟ್ಟಿದ ಆ ಒಂದೇ ಪ್ರತಿಯೂ ಅದರ ಜೊತೆಗೇ. ನಾನು ಹೆಡ್‌ಮಾಸ್ತರನಾದೆ, ನಿವೃತ್ತನಾದೆ, ಗದಗಿನಲ್ಲಿ ಮನೆ ಮಾಡಿದೆ. ಮಕ್ತುಂಸಾಬರು ಹೋದ ಸುದ್ದಿ ಬಂದಾಗ ಮಣ್ಣಿಗೆ ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನೀವು ಕೇಳಬೇಕಾಗಿಲ್ಲ.

ಸೊಸೆ ಮೊಬೈಲು ತೋರಿಸಿದ ಆ ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಸೊಸೆಗೆ ಆಮೇಲೆ ಹೇಳುತ್ತೇನೆಂದು ಹೇಳಿ, ಆಟೋ ಹಿಡಿದು ಬೆಟಗೇರಿಗೆ ಹೋದೆ. ಮಕ್ತುಂಸಾಬರ ಅದೇ ಮನೆ. ಮುಂದಿನ ಖೋಲಿಯಲ್ಲಿ ಅದೇ ವಾಸನೆ, ಮೈದಾ ಅಂಟು, ಮೈಲುತುತ್ತ. ಅವರ ಮಗಳು ಶಮೀಮ ಕಾಲೇಜು ಹುಡುಗರ ವರದಿಗಳಿಗೆ ರಟ್ಟು ಹಾಕುತ್ತ ಕುಳಿತಿದ್ದಳು. ಅವಳ ಬೆರಳೂ ನೀಲಿ. ನಾನು ಯಾರೆಂದು ಹೇಳುವ ಮೊದಲೇ, "ಮಲ್ಲಸಮುದ್ರದ ಮಾಸ್ತರ್ರ ಅಲ್ರಿ? ಕುಂಡ್ರಿ," ಅಂದಳು. ದನಿಯಲ್ಲಿ ಆದರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ನಾನು ಕಾದಂಬರಿಯ ಮಾತೆತ್ತಿದೆ. ಅವಳು ಒಳಗೆ ಹೋಗಿ ಅರಿವೆಯ ಗಂಟು ತಂದು ನನ್ನ ಮುಂದೆ ಇಟ್ಟಳು. ಬಿಚ್ಚಿದೆ. ಕಡೆಯ ಫಾರ್ಮು. ಅಂಚು ಹಳದಿಯಾಗಿತ್ತು, ದಾರ ಮಾತ್ರ ಇನ್ನೂ ಬಿಗಿಯಾಗಿತ್ತು. ಒಂದು ಮಡಿಕೆಯೂ ಸೀಳಿರಲಿಲ್ಲ. ಹದಿಮೂರು ಜನ ಓದಿ ಅಭಿಪ್ರಾಯ ಬರೆದ ಕಾದಂಬರಿಯ ಕೊನೆಯನ್ನು ಒಬ್ಬರೂ ತೆರೆದಿರಲಿಲ್ಲ.

"ನೀನೂ ಓದಿಲ್ಲೇನವ್ವಾ?"

"ಇಲ್ರಿ. ನಮ್ಮ ಅಬ್ಬಾ ಮುಟ್ಟಾಕ ಬಿಡಲಿಲ್ಲ. ಮನಿಯವ್ರು ಓದಿದ್ರ ಅದು ಓದಿದಂಗ ಅಲ್ಲ ಅಂತಿದ್ರು." ಅಂಟಿನ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ನಿಮ್ಮ ಹೆಸರ ಭಾಳ ತಗೀತಿದ್ರು. ಮಾಸ್ತರ್ರು ಓದೇನಿ ಅಂದ್ರು. ಮಡಿಕಿ ಹರೀದ ಹೆಂಗ ಓದಿದ್ರೋ ಏನೋ, ಶಾಣ್ಯಾ ಮಂದಿ, ಅಂತಿದ್ರು."

ಹಾಗಾದರೆ ಅವರಿಗೆ ಗೊತ್ತಿತ್ತು. ಆ ಸೋಮವಾರ ಪೆಟ್ಟಿಗೆ ಮುಚ್ಚುತ್ತ ನನ್ನನ್ನು ಕೇಳಿದಾಗ, ಕತ್ತರಿಸದ ಫಾರ್ಮನ್ನು ಕಣ್ಣಾರೆ ನೋಡಿಯೇ ಕೇಳಿದ್ದರು. ನನ್ನ ಸುಳ್ಳನ್ನು ಪೂರ್ತಿ ಕೇಳಿ, ಆತು ಬಿಡ್ರಿ ಅಂದಿದ್ದರು. ಮೂವತ್ತು ವರ್ಷ ನಾನು ಅವರಿಗೆ ಮೋಸ ಮಾಡಿದ್ದೇನೆ ಎಂದುಕೊಂಡು ಒಳಗೊಳಗೇ ಕೊರಗಿದ್ದೆ. ಆ ಮೋಸವೂ ನನ್ನ ಕೈಯಿಂದ ಸರಿಯಾಗಿ ಆಗಿರಲಿಲ್ಲ.

"ಈಗರ ಓದ್ಲೇನವ್ವಾ?" ಎಂದು ಕೇಳಿದೆ. ಅವಳು ಆ ಪುಟ್ಟ ಚಾಕು ಕೊಟ್ಟಳು.

ಅವಸರಕ್ಕೆ ಎರಡು ಹಾಳೆ ವಾರೆಯಾಗಿ ಸೀಳಿದವು. ನೆಲದ ಮೇಲೆ ಕುಳಿತು ಓದಿದೆ. ಕಂಪೌಂಡರ್ ಕೊಲೆ ಮಾಡಿರಲಿಲ್ಲ. ಐದುನೂರಾ ತೊಂಬತ್ತಾರನೆಯ ಪುಟದಲ್ಲಿ ಅವನ ಮೇಲಿನ ಅನುಮಾನ ಪೂರ್ತಿ ಹರಿಯುತ್ತದೆ. ತಾವು ಜಾಣರೆಂದುಕೊಂಡ ಓದುಗರು ಅವನ ಬೆನ್ನು ಹತ್ತಲಿ ಎಂದೇ ಮಕ್ತುಂಸಾಬರು ಅವನಿಗೆ ಅಷ್ಟು ಸಿಹಿ ಮಾತು ಕೊಟ್ಟಿದ್ದರು. ಮುಂದೆ ಪುಟ ಪುಟಕ್ಕೂ ಗಂಟು ಬಿಚ್ಚುತ್ತ ಹೋಗಿ, ಆರುನೂರಾ ನಾಲ್ಕರಲ್ಲಿ ಕೊಲೆ ಮಾಡಿದವರ ಹೆಸರು ಬರುತ್ತದೆ. ಚನ್ನವ್ವ. ಆಕೆ ಗಿರಣಿಯ ಬಾಗಿಲಲ್ಲಿ ನಿಂತು, ಇಷ್ಟು ದಿನ ನನ್ನನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ ಎನ್ನುತ್ತಾಳೆ. ಉಳಿದವರೆಲ್ಲ ತಲೆ ತಗ್ಗಿಸುತ್ತಾರೆ. ಓದುಗನ ಎದೆ ಅಲ್ಲಿ ಧಸಕ್ಕೆನ್ನಬೇಕು. ಹಾಗೆ ಬರೆದಿದ್ದಾರೆ, ಬರೆದ ರೀತಿಯಲ್ಲೇ ಅದು ಗೊತ್ತಾಗುತ್ತದೆ.

ನನ್ನ ಎದೆ ಧಸಕ್ಕೆನ್ನಲಿಲ್ಲ. ಚನ್ನವ್ವ ಯಾರೆಂದು ನನಗೆ ಗೊತ್ತಿರಲಿಲ್ಲ. ನಾನು ಓದಿದ ಮುನ್ನೂರು ಪುಟದಲ್ಲಿ ಆಕೆ ಬಂದೇ ಇರಲಿಲ್ಲ.

"ಶಮೀಮಾ, ಈ ಚನ್ನವ್ವ ಅಂದ್ರ ಯಾರವ್ವಾ?" ಎಂದು ಕೇಳಿದೆ.

ಅವಳು ಮುಖ ಎತ್ತಿ ನನ್ನನ್ನು ನೋಡಿದಳು. "ನನಗೇನ್ ಗೊತ್ತ್ರಿ? ಓದಿದವ್ರು ನೀವು," ಅಂದು ಮತ್ತೆ ಕೆಲಸಕ್ಕೆ ಬಗ್ಗಿದಳು.

ಉಳಿದ ಪುಟಗಳನ್ನು ಕೇಳಿದೆ. ಮನೆಯಲ್ಲಿ ಒಂದು ಹಾಳೆಯೂ ಇಲ್ಲ. ಕೈಬರಹ ಪ್ರೆಸ್ಸಿನಲ್ಲೇ ಹೋಯಿತು. ಅಚ್ಚಾದದ್ದೆಲ್ಲ ರಟ್ಟಿನೊಳಗೆ. ಆ ಕಡೆಯ ಫಾರ್ಮನ್ನಾದರೂ ಒಯ್ಯಲೇ ಎಂದೆ. "ಇಲ್ರಿ," ಅಂದು ಅದನ್ನು ಮತ್ತೆ ಅರಿವೆಯಲ್ಲಿ ಸುತ್ತಿದಳು. ನಾನು ವಾರೆಯಾಗಿ ಸೀಳಿದ ಅಂಚನ್ನು ಒಮ್ಮೆ ಬೆರಳಿಂದ ಸವರಿ ನೋಡಿದ್ದು ಕಂಡಿತು.

ಅಂದಿನಿಂದ ನನಗೊಂದು ಹೊಸ ಕೆಲಸ ಹತ್ತಿದೆ. ಮಲ್ಲಸಮುದ್ರದ ಶಾಲೆಯ ಅಟ್ಟ ಹತ್ತಿ ಹಳೆಯ ಹಾಜರಿ ಬುಕ್ಕು ಇಳಿಸಿದೆ. ಒದ್ದೆ ಅರಿವೆ ಹಾಸಿ ಒಂದು ತಾಸು ಬಿಟ್ಟರೆ ರಟ್ಟಿನ ಒಳಗಿನ ಕಾಗದ ಬಿಡುತ್ತದೆ. ಲಕ್ಷ್ಮೇಶ್ವರದ ಎರಡು ಶಾಲೆ, ಶಿರಹಟ್ಟಿಯ ಒಂದು, ಹುಲಕೋಟಿಯ ಸೊಸೈಟಿಯೊಂದರ ಹಳೆಯ ಖೋಲಿ ಮುಗಿದಿವೆ. ಬಸ್ಸಿನಲ್ಲಿ ಹೋಗುವುದು, ಬೇಡುವುದು, ನೆನೆಸುವುದು, ಬಿಡಿಸುವುದು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಬೆನ್ನ ಹಿಂದೆ ಆಡುತ್ತಾರೆ, ಆಡಲಿ. ನನ್ನ ಹತ್ತಿರ ಮುನ್ನೂರಾ ಐವತ್ತೆರಡನೆಯ ಪುಟದ ನಾಲ್ಕು ಪ್ರತಿಗಳಿವೆ. ಅದರ ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಮಜ್ಜಿಗೆಯ ಗಡಿಗೆ ಹೊತ್ತು ಗಿರಣಿಯ ಬಾಗಿಲಿಗೆ ಬರುತ್ತಾಳೆ. ಹೆಸರು ಮುಂದಿನ ಪುಟದಲ್ಲಿ ಇರಬೇಕು. ಮುನ್ನೂರಾ ಐವತ್ತಮೂರು ಎಲ್ಲಿಯೂ ಸಿಕ್ಕಿಲ್ಲ.

ನಿನ್ನೆ ಮುಂಡರಗಿಗೆ ಹೋಗಿದ್ದೆ. ಶಾಲೆಯ ಗುಮಾಸ್ತ ಒಳ್ಳೆಯವನು, ಚಹ ತರಿಸಿದ, ಬಕೀಟಿನಲ್ಲಿ ನೀರು ತಂದುಕೊಟ್ಟ, ನಾನು ಕಾಗದ ಬಿಡಿಸುವುದನ್ನು ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ:

"ಅಷ್ಟ ಚೊಲೋ ಐತೇನ್ರಿ, ಸರ, ಆ ಕಾದಂಬರಿ?"

"ಹೇಳಾಕ ಬರಂಗಿಲ್ಲಪ್ಪಾ," ಅಂದೆ. "ನಾ ಇನ್ನೂ ಓದಿಲ್ಲ."